ಕೋಟೆ ನೋಡಲು ಯಾರ ಜೊತೆ ಹೋಗೋದು? ಹಾಸನ, ಚಿಕ್ಕಮಗಳೂರಿನವರಿಗೆ ಒಂದು ಹೋಲಿಕೆ

ನಮ್ಮ ಹಾಸನದವರಿಗೆ ಒಂದು ಅಭ್ಯಾಸ ಇದೆ. ಮಂಗಳೂರಿಗೆ ಹೋಗುವಾಗ ಸಕಲೇಶಪುರ ದಾಟಿದ ಮೇಲೆ ಬಸ್ಸಿನ ಕಿಟಕಿಯಿಂದ ಗುಡ್ಡದ ಕಡೆ ಕೈ ತೋರಿಸಿ "ಅಲ್ಲಿ ಮೇಲೆ ಟಿಪ್ಪು ಕೋಟೆ ಇದೆ" ಅನ್ನುವುದು, ಆಮೇಲೆ ಶಿರಾಡಿ ಘಾಟಿಯ ತಿರುವು ಶುರುವಾಗಿ ಹೊಟ್ಟೆ ತೊಳೆಸುವ ಚಿಂತೆಯಲ್ಲಿ ಕೋಟೆ ಮರೆತೇ ಬಿಡುವುದು. ನಾನೂ ಇಪ್ಪತ್ತು ವರ್ಷ ಹಾಗೇ ಕೈ ತೋರಿಸಿದವನು. ಹತ್ತಿರದಲ್ಲೇ ಇದೆ, ಯಾವಾಗ ಬೇಕಾದರೂ ಹೋಗಬಹುದು ಅನ್ನುವ ಜಾಗಕ್ಕೆ ನಾವು ಹೋಗುವುದೇ ಇಲ್ಲ, ಅಲ್ವಾ?

ಕಳೆದ ಮೂರು ವರ್ಷದಲ್ಲಿ ಆ ಸಾಲ ತೀರಿಸಿದ್ದೇನೆ. ಮಂಜರಾಬಾದ್ ಕೋಟೆ ನಾಲ್ಕು ಸಲ ಹತ್ತಿದೆ. ಶ್ರೀರಂಗಪಟ್ಟಣಕ್ಕೆ ಎರಡು ಸಲ, ಚಿತ್ರದುರ್ಗಕ್ಕೆ ಒಂದು ಸಲ ಹೋಗಿಬಂದೆ. ಬೈಕಿನಲ್ಲಿ ಹೋಗಿದ್ದೇನೆ, ಹೋಮ್‌ಸ್ಟೇ ಜೀಪಿನಲ್ಲಿ ಹೋಗಿದ್ದೇನೆ, ನಲವತ್ತೈದು ಜನರ ಬಸ್ಸಿನಲ್ಲಿ ಹೋಗಿದ್ದೇನೆ, ಗೈಡ್ ಜೊತೆ ಒಂಬತ್ತು ಜನರ ಗುಂಪಿನಲ್ಲೂ ಹೋಗಿದ್ದೇನೆ. ಚಿಕ್ಕಮಗಳೂರಿನಲ್ಲಿರುವ ನನ್ನ ಚಿಕ್ಕಪ್ಪನ ಮಗ ಮೊನ್ನೆ ಫೋನ್ ಮಾಡಿ, "ಗೈಡಿಗೆ ಕೊಡೋ ದುಡ್ಡು ದಂಡ ಅಲ್ವಾ ಅಣ್ಣ, ಎಲ್ಲಾ ಗೂಗಲ್‌ನಲ್ಲೇ ಸಿಗುತ್ತಲ್ಲ" ಎಂದ. ಅವನಿಗೆ ಅರ್ಧ ಗಂಟೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಅವಸರ ಇರುವವರಿಗೆ ಮೊದಲೇ ಹೇಳಿಬಿಡುತ್ತೇನೆ. ಮಂಜು, ಗಾಳಿ, ಎರಡು ಫೋಟೋ ಸಾಕು ಅನ್ನುವವರು ನೀವೇ ಹೋಗಿ, ಯಾರಿಗೂ ದುಡ್ಡು ಕೊಡಬೇಡಿ. ಆ ಕೋಟೆ ಅಲ್ಲೇ ಯಾಕೆ ಇದೆ, ಯಾರಿಗೆ ಹೆದರಿ ಕಟ್ಟಿದರು, ಆಮೇಲೆ ಏನಾಯಿತು ಎಂದು ತಿಳಿಯಬೇಕಿದ್ದರೆ ಸಣ್ಣ ಗುಂಪಿನಲ್ಲಿ ಗೈಡ್ ಜೊತೆ ಹೋಗಿ. ದೊಡ್ಡ ಬಸ್ಸು ದೇವಸ್ಥಾನಗಳಿಗೆ ಸರಿ. ಬೇಲೂರಿನ ಮದನಿಕೆ ಎದುರು ನಿಂತರೆ ಯಾರೂ ಏನೂ ಹೇಳದಿದ್ದರೂ ನಡೆಯುತ್ತದೆ, ನೋಡಬೇಕಾದ್ದು ಕಣ್ಣೆದುರೇ ಇರುತ್ತದೆ. ಯುದ್ಧದ ಜಾಗದಲ್ಲಿ ಉಳಿದಿರುವುದು ಗೋಡೆ, ಹುಲ್ಲು ಮತ್ತು ಪಾಚಿ. ನಡೆದದ್ದನ್ನು ಯಾರಾದರೂ ಹೇಳಬೇಕು. ಅವರು ಹೇಳುವಾಗ ನಮಗೆ ಕೇಳಿಸಲೂ ಬೇಕು.

ನಾವೇ ಹೋಗುವುದು

ಖರ್ಚು ಕಡಿಮೆ ಇದಕ್ಕೇ. ಹಾಸನದಿಂದ ಸಕಲೇಶಪುರಕ್ಕೆ ಸುಮಾರು 40 ಕಿಲೋಮೀಟರ್. ಬಸ್ಸಿಗೆ ಕಾಯುವ ಕೆಲಸವೇ ಇಲ್ಲ, ಒಂದು ಹೋದರೆ ಇನ್ನೊಂದು ಬರುತ್ತದೆ. ರೈಲೂ ಇದೆ. ಅಲ್ಲಿಂದ ಮಂಗಳೂರು ರಸ್ತೆಯಲ್ಲಿ ಐದಾರು ಕಿಲೋಮೀಟರ್ ಹೋದರೆ ದೋಣಿಗಾಲ್ ಹತ್ತಿರ ಕೋಟೆ. ಚಿಕ್ಕಮಗಳೂರಿನವರು ಮೂಡಿಗೆರೆ, ಹಾನುಬಾಳು ಮೇಲೆ ಬರಬಹುದು. ಆ ದಾರಿಯಲ್ಲಿ ಕಾಫಿ ತೋಟಗಳ ನಡುವೆ ಬರುವುದೇ ಒಂದು ಖುಷಿ. ಸಕಲೇಶಪುರದಲ್ಲಿ ಆಟೋ ಹಿಡಿದರೆ ಹೋಗಿ ಬರುವುದಕ್ಕೆ ಸೇರಿಸಿಯೇ ಮಾತಾಡಿಕೊಳ್ಳಿ. ವಾಪಸ್ ಬರುವಾಗ ಆ ಹೆದ್ದಾರಿಯಲ್ಲಿ ಆಟೋ ಸಿಗುತ್ತದೆ ಎಂದು ನಂಬಿ ನಿಲ್ಲಬೇಡಿ.

ಮೊದಲ ಸಲ ನಾನು, ನನ್ನ ಸಹೋದ್ಯೋಗಿ ಇಬ್ಬರೂ ಬೈಕಿನಲ್ಲಿ ಹೋದೆವು. ನವೆಂಬರ್ ತಿಂಗಳು. ಎಂಟು ಮೂಲೆಯ ನಕ್ಷತ್ರದ ಹಾಗಿರುವ ಕೋಟೆ ಎಂದು ಮೊಬೈಲಿನಲ್ಲಿ ನೋಡಿ ಆಸೆಪಟ್ಟು ಹೋದವರು. ಇನ್ನೂರೈವತ್ತರ ಹತ್ತಿರ ಮೆಟ್ಟಿಲು ಹತ್ತಿ, ಏದುಸಿರು ಬಿಡುತ್ತ ಒಳಗೆ ಹೋಗಿ ನೋಡಿದರೆ ನಕ್ಷತ್ರವೇ ಇಲ್ಲ! ಆ ಫೋಟೋ ಎಲ್ಲ ಡ್ರೋನ್‌ನಲ್ಲಿ ತೆಗೆದದ್ದು. ನೆಲದ ಮೇಲೆ ನಿಂತವನಿಗೆ ಕಾಣುವುದು ಅಡ್ಡಾದಿಡ್ಡಿ ತಿರುಗುವ ಒಂದು ಗೋಡೆ, ನಡುವೆ ಒಂದು ಕೊಳ, ಸುತ್ತ ಇಟ್ಟಿಗೆಯ ಕಮಾನುಗಳು. ನಲವತ್ತು ನಿಮಿಷದಲ್ಲಿ ಎಲ್ಲ ಮುಗಿಯಿತು. ಕೆಳಗಿಳಿದು ಸಕಲೇಶಪುರದಲ್ಲಿ ಅಕ್ಕಿರೊಟ್ಟಿ ತಿಂದು ಬಂದೆವು. ನಿಜ ಹೇಳಬೇಕೆಂದರೆ ಆವತ್ತು ನೆನಪಿನಲ್ಲಿ ಉಳಿದದ್ದು ರೊಟ್ಟಿ.

ಮೊಬೈಲಿನಲ್ಲಿ ಓದಿಕೊಂಡು ನೋಡಬಹುದಲ್ಲ ಎಂದು ಕೇಳಬಹುದು. ಓದಬಹುದು. ಆದರೆ ಹೊರಡುವ ಮುಂಚೆ ಮನೆಯಲ್ಲೇ ಓದಿ. ಮೆಟ್ಟಿಲು ಹತ್ತಿ ಬೆವರು ಒರೆಸಿಕೊಳ್ಳುತ್ತ ಬಿಸಿಲಲ್ಲಿ ಪರದೆ ಕಾಣದೆ ಕಣ್ಣು ಕಿರಿದು ಮಾಡಿಕೊಂಡು ಓದುವುದು ಆಗದ ಮಾತು. ನಾನು ಪ್ರಯತ್ನ ಮಾಡಿದ್ದೇನೆ.

ಹೋಮ್‌ಸ್ಟೇ ಜೀಪು

ಇದನ್ನು ಬೇಗ ಮುಗಿಸುತ್ತೇನೆ. ಸಕಲೇಶಪುರ, ಮೂಡಿಗೆರೆ ಕಡೆ ಹೋಮ್‌ಸ್ಟೇಗಳಲ್ಲಿ ಉಳಿದರೆ ಜೀಪಿನ ಪ್ಯಾಕೇಜ್ ಕೊಡುತ್ತಾರೆ. ಕೋಟೆ, ಒಂದು ಫಾಲ್ಸ್, ಒಂದು ವ್ಯೂ ಪಾಯಿಂಟ್, ಸಂಜೆಗೆ ವಾಪಸ್. ನಮ್ಮ ಡ್ರೈವರ್ ಕೆಳಗೆ ಗಾಡಿ ನಿಲ್ಲಿಸಿ "ಒಂದು ಗಂಟೆ ಸಾರ್, ಆಮೇಲೆ ಫಾಲ್ಸು" ಎಂದು ಹೇಳಿ ಸೀಟಿನಲ್ಲೇ ಒರಗಿದ. ಅವನಿಗೆ ಮೆಣಸಿನ ರೇಟು ಗೊತ್ತು, ಆವತ್ತು ಕಾಡಾನೆ ಯಾವ ತೋಟದಲ್ಲಿ ಬೀಡುಬಿಟ್ಟಿದೆ ಅನ್ನುವುದು ಗೊತ್ತು, ಅದನ್ನು ಕೇಳುತ್ತ ಹೋದರೆ ಹೊತ್ತು ಹೋಗುವುದೇ ತಿಳಿಯುವುದಿಲ್ಲ. ಕೋಟೆ ಬಗ್ಗೆ ಕೇಳಿದರೆ ಮಾತ್ರ "ಟಿಪ್ಪು ಕಟ್ಟಿಸಿದ್ದು ಸಾರ್" ಅಷ್ಟೇ. ಅದು ಅವನ ತಪ್ಪಲ್ಲ, ಅವನ ಕೆಲಸ ಗಾಡಿ ಓಡಿಸುವುದು. ಮಕ್ಕಳಿರುವ ಮನೆಯವರಿಗೆ, ಒಂದೇ ಕಡೆ ಜಾಸ್ತಿ ಹೊತ್ತು ನಿಲ್ಲಲಾಗದವರಿಗೆ ಈ ಜೀಪು ಒಳ್ಳೆಯದು.

ದೊಡ್ಡ ಬಸ್ಸು

ಇದು ಶ್ರೀರಂಗಪಟ್ಟಣದ ಅನುಭವ. ನಮ್ಮ ಬಡಾವಣೆಯವರೆಲ್ಲ ಸೇರಿ ಒಬ್ಬ ಟೂರ್‌ನವರ ಹತ್ತಿರ ಬಸ್ ಮಾಡಿಸಿದ್ದೆವು. ಹಾಸನದಿಂದ ಚನ್ನರಾಯಪಟ್ಟಣ, ಕಿಕ್ಕೇರಿ, ಕೆ.ಆರ್.ಪೇಟೆ, ಪಾಂಡವಪುರದ ಮೇಲೆ ಹೋದೆವು. ಪಟ್ಟಿಯಲ್ಲಿ ಏಳು ಜಾಗ ಇದ್ದವು: ರಂಗನಾಥಸ್ವಾಮಿ, ನಿಮಿಷಾಂಬ, ಗುಂಬಜ್, ದರಿಯಾ ದೌಲತ್, ಕೋಟೆ, ಸಂಗಮ, ಕೊನೆಗೆ ಕೆ.ಆರ್.ಎಸ್. ಒಂದೇ ದಿನ. ಬೆಳಗ್ಗೆ ತಿಂಡಿಗೆ ನಿಲ್ಲಿಸಿದ್ದೇ ಮುಕ್ಕಾಲು ಗಂಟೆ ಆಯಿತು, ಏಕೆಂದರೆ ನಲವತ್ತೈದು ಜನರಿಗೆ ದೋಸೆ ಬರಬೇಕು, ಅದರಲ್ಲಿ ಹತ್ತು ಜನಕ್ಕೆ ಕಾಫಿ ಬದಲು ಟೀ ಬೇಕು, ಇಬ್ಬರು ಶೌಚಾಲಯ ಹುಡುಕಿಕೊಂಡು ಹೋದವರು ಬರಲೇ ಇಲ್ಲ.

1799ರ ಮೇ 4ರಂದು ಟಿಪ್ಪು ಸತ್ತು ಬಿದ್ದ ಜಾಗದಲ್ಲಿ ಒಂದು ಕಲ್ಲಿದೆ. ಬಸ್ಸು ಅದರ ಹತ್ತಿರ ಸ್ವಲ್ಪ ನಿಧಾನ ಮಾಡಿತು. "ಎಡಗಡೆ ನೋಡಿ" ಎಂದರು. ಬಲಗಡೆ ಕೂತವರು ಎದ್ದು ಬಗ್ಗುವಷ್ಟರಲ್ಲಿ ಮುಂದೆ ಹೋಗಿತ್ತು. ದರಿಯಾ ದೌಲತ್‌ಗೆ ಹೋದಾಗ ಸಮಯ ಮುಗಿಯುತ್ತ ಬಂದಿತ್ತು, ಒಂದು ಸುತ್ತು ಹೊಡೆದು ಹೊರಬಿದ್ದೆವು. ಕೆ.ಆರ್.ಎಸ್ ದೀಪ ಮಾತ್ರ ತಪ್ಪಿಸಲಿಲ್ಲ, ಅದಕ್ಕೆ ಎಲ್ಲರ ಒತ್ತಾಯ ಇತ್ತು. ನಗು, ಹಾಡು, ಅಂತ್ಯಾಕ್ಷರಿ ಎಲ್ಲ ಚೆನ್ನಾಗಿತ್ತು. ಜನ ಸೇರಿ ಹೋಗುವ ಖುಷಿಗೆ ಹೋಗುವುದಾದರೆ ನನ್ನ ತಕರಾರು ಏನೂ ಇಲ್ಲ.

ಸಣ್ಣ ಗುಂಪು, ಜೊತೆಗೆ ಗೈಡ್

ಮೂರನೇ ಸಲ ಮಂಜರಾಬಾದ್‌ಗೆ ಹೋದದ್ದು ಹೀಗೆ. ಒಂಬತ್ತು ಜನ, ಒಂದು ಟೆಂಪೋ ಟ್ರಾವೆಲರ್, ಗೈಡ್ ಆಗಿ ಬಂದವರು ಒಬ್ಬ ನಿವೃತ್ತ ಮೇಷ್ಟ್ರು. ಕೆಳಗೆ ಗಾಡಿ ಇಳಿದ ತಕ್ಷಣ ಹತ್ತಲು ಬಿಡಲಿಲ್ಲ. ಮೆಟ್ಟಿಲ ಬುಡದಲ್ಲೇ ನಿಲ್ಲಿಸಿ ಕೇಳಿದರು: "ಈ ಕೋಟೆ 1792ರದ್ದು. ಆ ವರ್ಷ ಟಿಪ್ಪು ಗೆದ್ದಿದ್ದನೋ ಸೋತಿದ್ದನೋ?"

ನಮಗೆ ಗೊತ್ತಿರಲಿಲ್ಲ. ಸೋತಿದ್ದ. ಮೂರನೇ ಮೈಸೂರು ಯುದ್ಧದ ಕೊನೆ ಅದು. 1792ರ ಫೆಬ್ರವರಿಯಲ್ಲಿ ಇಂಗ್ಲಿಷರ ಗವರ್ನರ್ ಜನರಲ್ ಕಾರ್ನ್‌ವಾಲಿಸ್ ಶ್ರೀರಂಗಪಟ್ಟಣಕ್ಕೇ ಮುತ್ತಿಗೆ ಹಾಕಿದ. ಮಾರ್ಚ್‌ನಲ್ಲಿ ಒಪ್ಪಂದ ಆಯಿತು. ಅರ್ಧ ರಾಜ್ಯ ಹೋಯಿತು, 3 ಕೋಟಿ 30 ಲಕ್ಷ ರೂಪಾಯಿ ದಂಡ ಬಿತ್ತು, ಹಣ ಪೂರ್ತಿ ಸಲ್ಲುವ ತನಕ ಇಬ್ಬರು ಗಂಡುಮಕ್ಕಳನ್ನು ಒತ್ತೆ ಇಡಬೇಕಾಯಿತು. ಇಷ್ಟು ಹೇಳಿ ಮೇಷ್ಟ್ರು "ಈಗ ಹತ್ತಿ" ಎಂದರು. ಅದೇ ಇನ್ನೂರೈವತ್ತು ಮೆಟ್ಟಿಲು. ಆದರೆ ಆವತ್ತು ಹತ್ತುವಾಗ ತಲೆಯಲ್ಲಿ ಒಂದು ಪ್ರಶ್ನೆ ಇತ್ತು: ಎಲ್ಲ ಕಳೆದುಕೊಂಡವನು ಈ ಗುಡ್ಡದ ತುದಿಯಲ್ಲಿ ಏನು ಕಾಯಲು ಕೂತ?

ಉತ್ತರ ಮೇಲೆ ಹೋದ ಮೇಲೆ ಸಿಕ್ಕಿತು. ಸಮುದ್ರ ಮಟ್ಟದಿಂದ 988 ಮೀಟರ್ ಎತ್ತರ. ಮಂಜಿಲ್ಲದ ದಿನ ಸುತ್ತಲ ಗುಡ್ಡ, ಘಾಟಿಯ ಕಡೆ ಇಳಿಯುವ ದಾರಿ ಎಲ್ಲ ಕೈಯಳತೆಯಲ್ಲಿ ಇರುವ ಹಾಗೆ ಕಾಣುತ್ತದೆ. ಮಂಗಳೂರು ಬಂದರಿಗೂ ಮೈಸೂರು ಸೀಮೆಗೂ ನಡುವಿನ ದಾರಿ ಇದೇ ಕಡೆ. ನಾವು ಈಗ ವಾಂತಿ ಮಾತ್ರೆ ನುಂಗಿ ಹೋಗುವ ದಾರಿಗೆ ಆಗ ಕಾವಲು ಬೇಕಿತ್ತು.

ಆಮೇಲೆ ನಕ್ಷತ್ರದ ವಿಷಯ. ಮೇಷ್ಟ್ರು ಒಂದು ಕಡ್ಡಿ ತೆಗೆದುಕೊಂಡು ಮಣ್ಣಿನ ಮೇಲೆ ಮೊದಲು ಒಂದು ಚೌಕ ಬರೆದರು. ಮಾಮೂಲಿ ಕೋಟೆ. ಗೋಡೆಯ ಬುಡಕ್ಕೆ ಒಬ್ಬ ಶತ್ರು ಬಂದು ಅಂಟಿಕೊಂಡು ನಿಂತರೆ ಮೇಲಿನವನು ಪೂರ್ತಿ ಬಗ್ಗದ ಹೊರತು ಅವನು ಕಾಣುವುದಿಲ್ಲ, ಬಗ್ಗಿದರೆ ಕೆಳಗಿನವರ ಗುಂಡು ತಲೆಗೆ ಬೀಳುತ್ತದೆ. ಆಮೇಲೆ ಪಕ್ಕದಲ್ಲಿ ಎಂಟು ಮೂಲೆಯ ನಕ್ಷತ್ರ ಬರೆದರು. ಈಗ ಒಂದು ಮೂಲೆಯಲ್ಲಿ ನಿಂತವನಿಗೆ ಪಕ್ಕದ ಮೂಲೆಯ ಹೊರಗೋಡೆ ಬುಡದ ತನಕ ಕಾಣುತ್ತದೆ. ಪ್ರತಿ ಗೋಡೆಯನ್ನೂ ಪಕ್ಕದವನು ಕಾಯುತ್ತಾನೆ. ಫಿರಂಗಿ ಬಂದ ಮೇಲೆ ಯುರೋಪಿನಲ್ಲಿ ಬೆಳೆದ ಲೆಕ್ಕಾಚಾರ ಇದು. ಫ್ರೆಂಚರ ಜೊತೆ ಟಿಪ್ಪುವಿಗೆ ಇದ್ದ ನಂಟಿನಿಂದ ನಮ್ಮ ಮಲೆನಾಡಿಗೆ ಬಂತು.

ಹೇಳಿ ಸುಮ್ಮನಾಗಲಿಲ್ಲ. ನಮ್ಮಲ್ಲಿ ಇಬ್ಬರನ್ನು ಒಂದೊಂದು ಮೂಲೆಗೆ ಕಳಿಸಿದರು. ಗುಂಡು ಹಾರಿಸುವ ಕಿಂಡಿಯಲ್ಲಿ ಕಣ್ಣಿಟ್ಟು ಪಕ್ಕದ ಗೋಡೆಯ ಬುಡ ಕಾಣುತ್ತದಾ ನೋಡಿ ಎಂದರು. ಕಂಡಿತು! ಡ್ರೋನ್ ಇಲ್ಲದೆ ಆ ನಕ್ಷತ್ರ ನನಗೆ ಅರ್ಥವಾದದ್ದು ಆಗ. ನಲವತ್ತೈದು ಜನರನ್ನು ಕಟ್ಟಿಕೊಂಡು ಈ ಆಟ ಆಡಿಸಲು ಆಗುವುದಿಲ್ಲ. ಒಬ್ಬೊಬ್ಬರೂ ಕಿಂಡಿಯಲ್ಲಿ ಇಣುಕಿ ಬರುವಷ್ಟರಲ್ಲಿ ಊಟದ ಹೊತ್ತಾಗುತ್ತದೆ.

ಬಾಗಿಲಿನ ಚಾವಣಿಯಲ್ಲಿ ಕೋಟೆಯ ನಕ್ಷೆಯನ್ನೇ ಕೆತ್ತಿದ್ದಾರೆ. ಹಿಂದಿನ ಎರಡು ಸಲವೂ ನಾನು ಅದರ ಕೆಳಗೇ ನಡೆದು ಹೋಗಿದ್ದೆ, ತಲೆ ಎತ್ತಿರಲಿಲ್ಲ. ಹೊರಗೋಡೆಗೆ ಕಗ್ಗಲ್ಲು ಮತ್ತು ಸುಣ್ಣದ ಗಾರೆ, ಒಳಗಿನ ಕೋಣೆಗಳಿಗೆ ಸುಟ್ಟ ಇಟ್ಟಿಗೆ. ಕೊಳದ ಹತ್ತಿರ ನೆಲದೊಳಗೆ ಇಳಿಯುವ ಎರಡು ಕೋಣೆಗಳಿವೆ, ಮದ್ದು ಇಡುತ್ತಿದ್ದ ಜಾಗ ಎನ್ನುತ್ತಾರೆ. ಒಳಗೆ ಕಾಲಿಟ್ಟರೆ ತಂಪು. ನಮ್ಮ ಕಡೆಯ ಮಳೆ ನಿಮಗೆ ಗೊತ್ತಲ್ಲ, ಜೂನ್‌ನಲ್ಲಿ ಹಪ್ಪಳದ ಡಬ್ಬಿಯೇ ಮೆತ್ತಗಾಗುತ್ತದೆ. ಮದ್ದು ಒದ್ದೆಯಾದರೆ ಫಿರಂಗಿಯೂ ಒನಕೆಯೂ ಒಂದೇ.

ಕೊನೆಗೆ ಹೇಳಿದ ಕಥೆ ನಾನು ಎಲ್ಲೂ ಕೇಳಿರಲಿಲ್ಲ, ನಮ್ಮದೇ ಜಿಲ್ಲೆಯದು. ಈ ಸೀಮೆಗೆ ಹಳೆಯ ಹೆಸರು ಬಲಂ. ಐಗೂರಿನ ಪಾಳೇಗಾರರು ಆಳುತ್ತಿದ್ದರು. ಟಿಪ್ಪು ಸತ್ತ ಮೇಲೆ ಪಾಳೇಗಾರ ವೆಂಕಟಾದ್ರಿ ನಾಯಕ ಇಂಗ್ಲಿಷರಿಗೆ ತಲೆಬಾಗಲಿಲ್ಲ, ಕಾಡು ಸೇರಿಕೊಂಡು ಎದುರು ನಿಂತ. 1802ರಲ್ಲಿ ಅವನ ಮೇಲೆ ಸೈನ್ಯ ತಂದವನು ಆರ್ಥರ್ ವೆಲ್ಲೆಸ್ಲಿ. ನಾಯಕನನ್ನು ಹಿಡಿದು ಗಲ್ಲಿಗೇರಿಸಿದರು. ಅದೇ ವೆಲ್ಲೆಸ್ಲಿ ಮುಂದೆ 1815ರಲ್ಲಿ ವಾಟರ್‌ಲೂನಲ್ಲಿ ನೆಪೋಲಿಯನ್ನನ್ನು ಸೋಲಿಸಿದ ಡ್ಯೂಕ್ ಆಫ್ ವೆಲಿಂಗ್ಟನ್. ನೆಪೋಲಿಯನ್ನನ ಹೆಸರು ಶಾಲೆಯಲ್ಲಿ ಬಾಯಿಪಾಠ ಮಾಡಿದ್ದೆವು, ಅವನನ್ನು ಸೋಲಿಸಿದವನು ನಮ್ಮ ಸಕಲೇಶಪುರದ ಕಾಡಿನಲ್ಲಿ ಓಡಾಡಿದ್ದು ಮಾತ್ರ ನಲವತ್ತು ದಾಟಿದ ಮೇಲೆ ಗೊತ್ತಾಯಿತು.

ಆದರೆ ಎಲ್ಲ ಗೈಡೂ ಮೇಷ್ಟ್ರಲ್ಲ

ನಾಲ್ಕನೇ ಸಲ ಅಮ್ಮನನ್ನೂ ಚಿಕ್ಕಮ್ಮನನ್ನೂ ಕರೆದುಕೊಂಡು ಇನ್ನೊಬ್ಬರ ಗುಂಪಿನಲ್ಲಿ ಹೋದೆ. ಮೇಷ್ಟ್ರು ಆ ತಿಂಗಳು ಸಿಗಲಿಲ್ಲ. "ಸ್ಮಾಲ್ ಗ್ರೂಪ್" ಎಂದು ಹೇಳಿದ್ದರು. ಹಾಸನದಲ್ಲಿ ಹತ್ತಿದಾಗ ಹನ್ನೊಂದು ಜನ ಇದ್ದೆವು. ಆಲೂರಿನಲ್ಲಿ ಇನ್ನೊಂದು ಗಾಡಿ ಸೇರಿಕೊಂಡಿತು. ಕೋಟೆ ಬುಡದಲ್ಲಿ ಎಣಿಸಿದರೆ ಇಪ್ಪತ್ತಮೂರು ತಲೆ! ಗೈಡ್ ಹುಡುಗ ಮಾತುಗಾರ, ಕೊಳದ ಹತ್ತಿರ ನಿಂತು "ಇಲ್ಲಿಂದ ಶ್ರೀರಂಗಪಟ್ಟಣಕ್ಕೆ ಸುರಂಗ ಇದೆ, ಟಿಪ್ಪು ಕುದುರೆ ಮೇಲೆ ಇದರಲ್ಲೇ ಬರುತ್ತಿದ್ದ" ಎಂದು ಆಣೆ ಮಾಡುವ ಹಾಗೆ ಹೇಳಿದ. ಚಿಕ್ಕಮ್ಮ ಮೆಲ್ಲಗೆ ನನ್ನ ಕಡೆ ತಿರುಗಿ, "ಅಲ್ಲ ಕಣೋ, ಹೇಮಾವತಿ ಹೊಳೆ ಅಡಿಯಲ್ಲಿ ಹ್ಯಾಂಗೆ ಹೋಗ್ತಾನೆ?" ಎಂದರು. ಹಾಸನ ಜಿಲ್ಲೆ ದಾಟಿ, ಮಂಡ್ಯ ಜಿಲ್ಲೆಯ ಅರ್ಧ ದಾಟಿ ಹೋಗಬೇಕಾದ ಸುರಂಗ ಅದು.

ಸುರಂಗದ ಕಥೆ ಊರಿನವರು ಹೇಳುತ್ತಾರೆ, ಹೇಳಲಿ, ಅದೂ ಒಂದು ಚಂದ. ಒಳ್ಳೆಯ ಗೈಡ್ ಅದನ್ನು "ಹೀಗೆ ಹೇಳ್ತಾರೆ" ಎಂದು ಹೇಳುತ್ತಾನೆ, ಕೆಟ್ಟ ಗೈಡ್ "ಹೀಗೇ ಇದೆ" ಎನ್ನುತ್ತಾನೆ. ನನ್ನ ಪರೀಕ್ಷೆ ಇದೇ. ಹೆಸರಿನ ಕಥೆಯೂ ಹಾಗೆಯೇ. ಟಿಪ್ಪು ಬಂದಾಗ ಗುಡ್ಡ ಪೂರ್ತಿ ಮಂಜು ಮುಸುಕಿತ್ತು, ಅದಕ್ಕೇ ಮಂಜರಾಬಾದ್ ಅಂದ ಎನ್ನುವುದು ಎಲ್ಲರ ಬಾಯಲ್ಲಿ ಇದೆ. ಪಾರ್ಸಿಯಲ್ಲಿ ಮಂಜರ್ ಎಂದರೆ ನೋಟ. ಎರಡನ್ನೂ ಹೇಳಿ ಆರಿಸಿಕೊಳ್ಳಲು ನಮಗೆ ಬಿಟ್ಟ ಮೇಷ್ಟ್ರ ಮೇಲೆ ನನಗೆ ಆವತ್ತೇ ನಂಬಿಕೆ ಬಂದಿತ್ತು.

ಟಿಪ್ಪು ವಿಷಯ ಬಂದಾಗ ಇನ್ನೊಂದು ತೊಂದರೆ. ಕೆಲವರು ಅವನನ್ನು ದೇವರ ಹಾಗೆ ಹೇಳುತ್ತಾರೆ, ಕೆಲವರು ರಾಕ್ಷಸನ ಹಾಗೆ ಹೇಳುತ್ತಾರೆ. ಎರಡೂ ಕಡೆ ಅರ್ಧ ದಿನದ ದುಡ್ಡು ಕೊಟ್ಟು ಭಾಷಣ ಕೇಳಿದ ಹಾಗೆ ಆಗುತ್ತದೆ. ಕೊಡಗಿನವರ ಮನೆಗಳಲ್ಲಿ ಅವನ ನೆನಪು ಬೇರೆ, ಮಂಡ್ಯಂ ಅಯ್ಯಂಗಾರ್ ಮನೆತನಗಳು, ಆ ದಿನ ತಮ್ಮವರನ್ನು ಅವನು ಕೊಲ್ಲಿಸಿದ ಎನ್ನುವ ನೆನಪಿನಲ್ಲಿ, ಇವತ್ತಿಗೂ ನರಕ ಚತುರ್ದಶಿ ಆಚರಿಸುವುದಿಲ್ಲ. ಇತ್ತ ಚಿಕ್ಕಮಗಳೂರು ಜಿಲ್ಲೆಯ ಶೃಂಗೇರಿಯಲ್ಲಿ ಅವನು ಮಠಕ್ಕೆ ಬರೆದ ಪತ್ರಗಳಿವೆ. 1791ರಲ್ಲಿ ಮರಾಠರ ಸೈನ್ಯದವರು ಮಠವನ್ನು ಲೂಟಿ ಮಾಡಿದಾಗ ದೇವಿಯನ್ನು ಮತ್ತೆ ಪ್ರತಿಷ್ಠೆ ಮಾಡಲು ನೆರವು ಕಳಿಸಿದ್ದು ಆ ಪತ್ರಗಳಲ್ಲಿ ಇದೆ. ಈ ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಬಲ್ಲ ಗೈಡ್ ಸಿಕ್ಕರೆ ಬಿಡಬೇಡಿ.

ಯಾವ ಜಾಗಕ್ಕೆ?

ಸಮಯ ಅರ್ಧ ದಿನ ಇದ್ದರೆ ಮಂಜರಾಬಾದ್. ಪೂರ್ತಿ ದಿನ ಇದ್ದರೆ, ನಿಜವಾಗಿ ಯುದ್ಧ ನಡೆದ ಜಾಗ ನೋಡಬೇಕಿದ್ದರೆ, ಶ್ರೀರಂಗಪಟ್ಟಣ. ಅಲ್ಲಿಗೆ ಎರಡನೇ ಸಲ ಆರು ಜನ ಹೋದೆವು. ಎಲ್ಲ ನಡಿಗೆ. ದೇವಸ್ಥಾನಗಳನ್ನು ಬೆಳಗ್ಗೆಯೇ ನಮಸ್ಕಾರ ಹಾಕಿ ಮುಗಿಸಿದೆವು, ಕೆ.ಆರ್.ಎಸ್ ಬಿಟ್ಟೆವು.

ನಡಿಗೆ ಶುರುವಾದದ್ದು 1799ರಲ್ಲಿ ಇಂಗ್ಲಿಷರ ಫಿರಂಗಿಗೆ ಕೋಟೆ ಗೋಡೆ ಬಿರಿದ ಜಾಗದಿಂದ. ಅಲ್ಲಿ ನೆನಪಿನ ಕಂಬ ಇದೆ. ಎದುರಿಗೆ ಕಾವೇರಿ. ಇಂಗ್ಲಿಷರಿಗೆ ಯಾಕೆ ಅಷ್ಟು ಅವಸರ ಇತ್ತು ಎನ್ನುವುದು ಅಲ್ಲಿ ನಿಂತರೆ ತಿಳಿಯುತ್ತದೆ. ಮೇ ತಿಂಗಳಲ್ಲಿ ಹೊಳೆ ಇಳಿದಿರುತ್ತದೆ, ಬಂಡೆಗಳ ಮೇಲೆ ದಾಟಬಹುದು. ಮಳೆ ಬಂದು ಹೊಳೆ ತುಂಬಿದರೆ ಆಟ ಮುಗಿಯಿತು. ಸೈನ್ಯದಲ್ಲಿ ದವಸವೂ ಮುಗಿಯುತ್ತ ಬಂದಿತ್ತು. ಮೇ 4ರ ಮಧ್ಯಾಹ್ನ ಒಂದು ಗಂಟೆ ಸುಮಾರಿಗೆ, ಬಿಸಿಲು ನೆತ್ತಿ ಸುಡುವ ಹೊತ್ತಿನಲ್ಲಿ ನುಗ್ಗಿದರು. ಮುಂದೆ ನಿಂತು ನುಗ್ಗಿಸಿದವನು ಡೇವಿಡ್ ಬೇರ್ಡ್. ಅವನು, ಹೈದರ್ ಮತ್ತು ಟಿಪ್ಪು ಇಂಗ್ಲಿಷರನ್ನು ಸೋಲಿಸಿದ 1780ರ ಪೊಲ್ಲಿಲೂರು ಯುದ್ಧದಲ್ಲಿ ಸಿಕ್ಕಿಬಿದ್ದು ಇದೇ ಶ್ರೀರಂಗಪಟ್ಟಣದಲ್ಲಿ ಮೂರು ವರ್ಷಕ್ಕೂ ಹೆಚ್ಚು ಸೆರೆಯಲ್ಲಿ ಇದ್ದವನು. ಇದನ್ನು ಕೇಳಿದ ಮೇಲೆ, ಆ ಯುದ್ಧದಲ್ಲಿ ಇಂಗ್ಲಿಷರ ಪಡೆ ನಡೆಸಿದ ಕರ್ನಲ್ ಬೈಲಿಯ ಹೆಸರಿನ ಸೆರೆಮನೆಗೆ ಇಳಿದರೆ ಆ ತಗ್ಗು ಕಮಾನು, ಗೋಡೆಯ ಕಲ್ಲುಗಳು ಬೇರೆಯೇ ಕಾಣುತ್ತವೆ. ಅಲ್ಲಿಂದ ದರಿಯಾ ದೌಲತ್‌ಗೆ ಹೋದರೆ ಗೋಡೆಯ ಮೇಲೆ ಅದೇ ಪೊಲ್ಲಿಲೂರು ಯುದ್ಧದ ಚಿತ್ರ. ಗಾಯಗೊಂಡ ಬೈಲಿ ಪಲ್ಲಕ್ಕಿಯಲ್ಲಿ ಕೂತಿದ್ದಾನೆ, ಸುತ್ತ ಅವನ ಸಿಪಾಯಿಗಳು ಚೌಕಾಕಾರ ನಿಂತಿದ್ದಾರೆ, ಮದ್ದಿನ ಬಂಡಿ ಸಿಡಿಯುತ್ತಿದೆ. ಬಸ್ಸಿನಲ್ಲಿ ಹೋದಾಗ ನಾನು ಇದರ ಮುಂದೆ ಎರಡು ನಿಮಿಷ ನಿಂತು "ಬಣ್ಣ ಚೆನ್ನಾಗಿದೆ" ಎಂದು ಮುಂದೆ ಹೋಗಿದ್ದೆ.

ಮಂಜರಾಬಾದ್ ನೋಡಿ ಆಮೇಲೆ ಶ್ರೀರಂಗಪಟ್ಟಣಕ್ಕೆ ಹೋದರೆ ಇನ್ನೂ ಒಳ್ಳೆಯದು. ವೆಲ್ಲೆಸ್ಲಿ ಅಲ್ಲೂ ಸಿಗುತ್ತಾನೆ. 1799ರ ಏಪ್ರಿಲ್‌ನಲ್ಲಿ ಒಂದು ರಾತ್ರಿ ಸುಲ್ತಾನ್‌ಪೇಟೆ ತೋಪಿಗೆ ನುಗ್ಗಿ, ಕತ್ತಲಲ್ಲಿ ದಾರಿ ತಪ್ಪಿ, ಮೈಸೂರಿನ ರಾಕೆಟ್ಟು ಗುಂಡುಗಳ ನಡುವೆ ಹಿಂದೆ ಸರಿದ ಕಥೆ ಇದೆ.

ಚಿತ್ರದುರ್ಗ ಬೇರೆ ಲೆಕ್ಕ. ಚಿಕ್ಕಮಗಳೂರಿನವರಿಗೆ ಕಡೂರು, ಹೊಸದುರ್ಗದ ಮೇಲೆ ಸಲೀಸು. ಏಳು ಸುತ್ತಿನ ಕೋಟೆ, ಹತ್ತುವುದು ಜಾಸ್ತಿ, ಬಿಸಿಲೂ ಜಾಸ್ತಿ. ಅಲ್ಲಿಗೆ ಗುಂಪು ಬೇಕಿಲ್ಲ ಎನ್ನುವುದು ನನ್ನ ಅಭಿಪ್ರಾಯ. ಬಾಗಿಲಲ್ಲೇ ಗೈಡ್‌ಗಳು ಸಿಗುತ್ತಾರೆ, ನಿಮ್ಮ ಮನೆಯವರಿಗೇ ಒಬ್ಬರನ್ನು ಮಾತಾಡಿಕೊಳ್ಳಿ. ಒನಕೆ ಕಿಂಡಿಯ ಮುಂದೆ ಓಬವ್ವನ ಕಥೆ ದುರ್ಗದವರ ಬಾಯಲ್ಲೇ ಕೇಳಬೇಕು. 1779ರಲ್ಲಿ ಹೈದರನಿಗೆ ಕೋಟೆ ಬಿದ್ದದ್ದನ್ನು ಹೇಳುವಾಗ ಅವರ ದನಿ ಇಳಿಯುತ್ತದೆ, ನಿನ್ನೆ ನಡೆದ ಹಾಗೆ.

ದೂರ ಹೋಗಲಾಗದವರಿಗೆ ಹಳೇಬೀಡು ಇದೆ. ದೇವಸ್ಥಾನ ನೋಡಲು ಹೋಗುತ್ತೇವೆ, ಅದು 1311ರಲ್ಲಿ ಮಲಿಕ್ ಕಾಫೂರನ ದಾಳಿಗೆ ಸಿಕ್ಕ ರಾಜಧಾನಿ ಎನ್ನುವುದು ಮರೆತುಬಿಡುತ್ತೇವೆ. ದೇವಸ್ಥಾನದ ಪಕ್ಕದಲ್ಲಿ ಗರುಡ ಕಂಬ ಇದೆ, ಹೊಯ್ಸಳ ದೊರೆ ಎರಡನೇ ವೀರಬಲ್ಲಾಳ ಸತ್ತಾಗ ಜೊತೆಗೇ ಪ್ರಾಣ ಬಿಟ್ಟ ಅವನ ಅಂಗರಕ್ಷಕ ಕುವರ ಲಕ್ಷ್ಮನ ನೆನಪಿಗೆ. ಮುಂದಿನ ಸಲ ಗೈಡಿಗೆ "ಇವತ್ತು ಶಿಲ್ಪ ಬೇಡ, ಯುದ್ಧ ಹೇಳಿ" ಎಂದು ಕೇಳಿ ನೋಡಿ. ಒಳ್ಳೆಯವರಾದರೆ ಖುಷಿಪಡುತ್ತಾರೆ.

ದುಡ್ಡು, ಮತ್ತು ಫೋನಿನಲ್ಲಿ ಕೇಳಬೇಕಾದ್ದು

ನಮ್ಮ ತಮ್ಮನ ಮುಖ್ಯ ಪ್ರಶ್ನೆ ಇದೇ ತಾನೇ. ಲೆಕ್ಕ ಹೀಗೆ ಹಾಕಿ. ಗಾಡಿಗೆ 6,000, ಗೈಡಿಗೆ 3,000 ಎಂದು ಸುಮ್ನೆ ಇಟ್ಟುಕೊಳ್ಳಿ, ಇದು ಲೆಕ್ಕಕ್ಕೆ ಹಾಕಿದ ಅಂಕಿ, ದರ ಅಲ್ಲ. ಒಂಬತ್ತು ಜನ ಆದರೆ ತಲೆಗೆ 1,000. ನಾಲ್ಕೇ ಜನ ಆದರೆ 2,250. ಅದಕ್ಕೇ ಗುಂಪು ನೀವೇ ಕೂಡಿಸಿಕೊಂಡು ಗೈಡನ್ನು ನೇರ ಮಾತಾಡಿಕೊಂಡರೆ ಉಳಿತಾಯ. ಅದಕ್ಕಿಂತ ಮುಖ್ಯ, ಎಷ್ಟು ಹೊತ್ತು ನಿಲ್ಲಬೇಕು ಎನ್ನುವುದು ನಿಮ್ಮ ಕೈಯಲ್ಲಿರುತ್ತದೆ. ಹನ್ನೆರಡು ದಾಟಿದರೆ ನನ್ನ ಪ್ರಕಾರ ಅದು ಸಣ್ಣ ಗುಂಪಲ್ಲ.

ಬುಕ್ ಮಾಡುವ ಮುಂಚೆ ಇಷ್ಟು ಕೇಳಿ. ಹೆಚ್ಚೆಂದರೆ ಎಷ್ಟು ಜನ, ದಾರಿಯಲ್ಲಿ ಇನ್ನೊಂದು ಗಾಡಿ ಸೇರುತ್ತದಾ? ಕೋಟೆಯ ಒಳಗೆ ಎಷ್ಟು ಹೊತ್ತು? "ಎಷ್ಟು ಬೇಕಾದರೂ ಸಾರ್" ಎಂದರೆ ಅನುಮಾನಪಡಿ, "ಎರಡು ಗಂಟೆ" ಎಂದರೆ ನಂಬಬಹುದು. ಗೈಡ್ ಯಾರು, ಗಾಡಿ ಓಡಿಸುವವರೇ ಗೈಡಾ? ಕನ್ನಡದಲ್ಲಿ ಹೇಳುತ್ತಾರಾ, ಏಕೆಂದರೆ ಬೆಂಗಳೂರಿನವರು ಜಾಸ್ತಿ ಇದ್ದರೆ ಪೂರ್ತಿ ಇಂಗ್ಲಿಷಿಗೆ ತಿರುಗುತ್ತದೆ, ಅಮ್ಮನಂಥವರು ಸುಮ್ಮನೆ ಕೂರಬೇಕಾಗುತ್ತದೆ. ಮಳೆ ಬಂದರೆ ದಿನ ಬದಲಿಸುತ್ತಾರಾ, ದುಡ್ಡು ವಾಪಸ್ಸಾ? ಸಾಧ್ಯವಾದರೆ ಗೈಡ್ ಜೊತೆ ಐದು ನಿಮಿಷ ಫೋನಿನಲ್ಲಿ ಮಾತಾಡಿ, ಸುರಂಗದ ಬಗ್ಗೆ ಕೇಳಿ.

ಮಳೆಗಾಲದಲ್ಲಿ ನಾನು ಹೋಗುವುದಿಲ್ಲ. ಮೆಟ್ಟಿಲು ಪಾಚಿ ಹಿಡಿದು ಜಾರುತ್ತದೆ, ದೋಣಿಗಾಲ್ ಕಡೆ ರಸ್ತೆ ಕುಸಿದ ಸುದ್ದಿ ನೀವೂ ನೋಡಿರುತ್ತೀರಿ, ಇಂಬಳ ಬೇರೆ. ಹೋಗಲೇಬೇಕೆಂದರೆ ಉಪ್ಪಿನ ಪೊಟ್ಟಣ ಜೇಬಿನಲ್ಲಿರಲಿ. ಅಕ್ಟೋಬರ್‌ನಿಂದ ಫೆಬ್ರವರಿ ತನಕ ಚೆನ್ನ. ನೀರು ಕೆಳಗಿಂದಲೇ ಹೊತ್ತುಕೊಂಡು ಹೋಗಿ, ಶೌಚಾಲಯದ ಕೆಲಸ ಸಕಲೇಶಪುರದಲ್ಲೇ ಮುಗಿಸಿ. ಮಂಡಿನೋವು ಇರುವವರನ್ನು ಒತ್ತಾಯ ಮಾಡಿ ಹತ್ತಿಸಬೇಡಿ. ನಮ್ಮ ಅಮ್ಮ ಅರ್ಧಕ್ಕೇ ಕೂತು "ನೀವು ಹೋಗಿ ಬನ್ನಿ, ನಾನು ಇಲ್ಲೇ ಬಸ್ಸು ಎಣಿಸ್ತೀನಿ" ಎಂದರು. ಅವರಿಗೆ ಶ್ರೀರಂಗಪಟ್ಟಣವೇ ಸರಿ, ಎಲ್ಲ ಸಮತಟ್ಟು, ಕಾಲು ನೋವಾದರೆ ಆಟೋ ಹತ್ತಬಹುದು.

ತಮ್ಮನಿಗೆ ಲೆಕ್ಕ ಒಪ್ಪಿಗೆಯಾಯಿತು. ಎಂಟು ಜನ ಆಗಿದ್ದಾರೆ, ಅಮ್ಮನೂ ಸೇರಿ. ಬರುವ ಮೇ 4ಕ್ಕೆ ಶ್ರೀರಂಗಪಟ್ಟಣ, ಮಧ್ಯಾಹ್ನ ಒಂದು ಗಂಟೆಗೆ ಸರಿಯಾಗಿ ಆ ಗೋಡೆ ಬಿರಿದ ಜಾಗದಲ್ಲಿ ನಿಲ್ಲಬೇಕು ಎಂದು ನಾನು ಹಟ ಹಿಡಿದಿದ್ದೇನೆ. ಮೇ ತಿಂಗಳ ಬಿಸಿಲಲ್ಲಿ ಅಮ್ಮನನ್ನು ನಿಲ್ಲಿಸ್ತೀಯಾ ಎಂದು ಚಿಕ್ಕಮ್ಮ ಬೈದರು. ತಮ್ಮ ಎರಡು ಛತ್ರಿ, ಒಂದು ಪ್ಲಾಸ್ಟಿಕ್ ಸ್ಟೂಲು ತರುತ್ತಾನಂತೆ.